ವೀಸಾ ಬಂದ ಮೇಲೆ ದಿನ ಎಣಿಸುವುದು ಹೇಗೆ

ಮುಂಬೈನ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿರುವ ಅಮೆರಿಕ ಕಾನ್ಸುಲೇಟ್‌ನಲ್ಲಿ ಸಂದರ್ಶನ ಮುಗಿಸಿ, ಹೊರಗೆ ಇಟ್ಟುಹೋಗಿದ್ದ ಮೊಬೈಲ್ ಪಡೆದು ಮನೆಗೆ ಫೋನ್ ಮಾಡಿದಾಗ ಅಪ್ಪ ಹಂಡೆಯ ಮುಂದೆ ಕುಳಿತು ಅಡಿಕೆ ಬೇಯಿಸುತ್ತಿದ್ದರು. 2023ರ ನವೆಂಬರ್ 21. ಕೋಣಂದೂರಿನಿಂದ ಒಳಗಿರುವ ನಮ್ಮ ಮನೆಯಲ್ಲಿ ಕೊನೆಕೊಯ್ಲಿನ ಗಡಿಬಿಡಿ. ಫೋನಿನಲ್ಲಿ ಅಡಿಕೆ ಸುಲಿಯುವವರ ಮಾತೇ ಹೆಚ್ಚು ಕೇಳುತ್ತಿತ್ತು. "ಮಂಜೂರಾಯಿತಂತೆ" ಎಂದೆ. "ಹಾಗಾದರೆ ಮುಗಿಯಿತಲ್ಲ" ಎಂದರು ಅಪ್ಪ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅಲ್ಲಿಂದೀಚೆಗೆ ಸಾಗರ, ಹೊಸನಗರ, ಕೊಪ್ಪದ ಕಡೆಯ ಎಷ್ಟೋ ಹುಡುಗಿಯರು ಯಾರಿಂದಲೋ ನನ್ನ ನಂಬರು ಪಡೆದು ಫೋನ್ ಮಾಡಿದ್ದಾರೆ. ಅಮೆರಿಕದ ಪೌರನನ್ನು ಮದುವೆಯಾಗಿ, ಅಲ್ಲಿ ನೆಲೆಸಲೆಂದು ವಲಸಿಗ ವೀಸಾ ಪಡೆದವರು. ಎಲ್ಲರದೂ ಒಂದೇ ಪ್ರಶ್ನೆ: "ಅಕ್ಕ, ವೀಸಾ ಬಂತು, ಟಿಕೆಟ್ ಯಾವಾಗ ಮಾಡಿಸಲಿ?" ಇದು ಟಿಕೆಟ್ಟಿನ ಪ್ರಶ್ನೆಯಲ್ಲ. ಮದುವೆಯ ದಿನ, ವೈದ್ಯಕೀಯ ಪರೀಕ್ಷೆಯ ದಿನ, ಕಾಲಿಟ್ಟ ದಿನ, ಊರಿಗೆ ಹೋಗಿ ಬಂದ ದಿನ, ಇವುಗಳನ್ನು ಎಣಿಸುವ ಪ್ರಶ್ನೆ. ಪ್ರತಿಸಲ ಫೋನಿನಲ್ಲಿ ಹೇಳಿ ಸಾಕಾಗಿದ್ದರಿಂದ ಬರೆಯುತ್ತಿದ್ದೇನೆ. ನಾನು ವಕೀಲೆಯಲ್ಲ. ಹಳೆಯ ಕ್ರಿಮಿನಲ್ ಪ್ರಕರಣ, ಹಿಂದೊಮ್ಮೆ ನಿರಾಕರಣೆ, ಇಂಥ ಸಿಕ್ಕುಗಳಿದ್ದರೆ ವಲಸೆ ವಕೀಲರನ್ನೇ ಕಾಣಿ. ನನ್ನದು ನೇರವಾದ ಪ್ರಕರಣ: ಗಂಡ ತೀರ್ಥಹಳ್ಳಿಯವರೇ, 2018ರಲ್ಲಿ ಅಮೆರಿಕದ ಪೌರರಾದವರು, ಈಗ ನಾವಿರುವುದು ಒಹಾಯೊದ ಕೊಲಂಬಸ್‌ನಲ್ಲಿ.

ಮೊದಲು ವೀಸಾವನ್ನು ಓದಿ

ಪಾಸ್‌ಪೋರ್ಟ್ ಕೈಗೆ ಬಂದ ದಿನ ಎಲ್ಲರೂ ವೀಸಾದ ಫೋಟೊ ತೆಗೆದು ಮನೆಯವರಿಗೆಲ್ಲ ಕಳಿಸುತ್ತಾರೆ, ಓದುವುದಿಲ್ಲ. ಓದಿ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ವರ್ಗ, ಮುಕ್ತಾಯದ ದಿನ, ಈ ಐದನ್ನೂ ಬೆರಳಿಟ್ಟು ಓದಿ. ತಪ್ಪಿದ್ದರೆ ವಿಮಾನ ಹತ್ತುವ ಮೊದಲೇ ಕಾನ್ಸುಲೇಟ್‌ಗೆ ಬರೆದು ಸರಿಪಡಿಸಿಕೊಳ್ಳಬೇಕು. ಆಚೆ ಹೋದ ಮೇಲೆ ಅದೇ ತಪ್ಪು, ಅಲ್ಲಿ ನೆಲೆಸಲು ಕೊಡುವ ಗ್ರೀನ್ ಕಾರ್ಡ್‌ಗೆ ಇಳಿಯುತ್ತದೆ, ಅಲ್ಲಿಂದ ಉಳಿದೆಲ್ಲ ಕಡೆಗೂ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ಪೀಡೆಯಿದೆ. ನಮಗೆ ಉಪನಾಮ ಇರುವುದಿಲ್ಲ. ಊರಿನ ಮತ್ತು ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ನಮ್ಮ ಹೆಸರು, ಅಷ್ಟೇ. ಪಾಸ್‌ಪೋರ್ಟ್ ಮಾಡಿಸುವಾಗ ನಾನು ಉಪನಾಮದ ಜಾಗವನ್ನು ಖಾಲಿ ಬಿಟ್ಟಿದ್ದೆ. ಅಮೆರಿಕದ ವೀಸಾದಲ್ಲಿ ಹಾಗೆ ಖಾಲಿ ಬಿಡುವಂತಿಲ್ಲ. ಅವರು ನನ್ನ ಹೆಸರನ್ನು ಎತ್ತಿ ಉಪನಾಮದ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರೆದರು. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಕೊಲಂಬಸ್‌ನಲ್ಲಿ ಮೊದಲ ಸಲ ಹಲ್ಲಿನ ವೈದ್ಯರ ಬಳಿ ಹೋದಾಗ ಒಬ್ಬಳು ಬಾಗಿಲಲ್ಲಿ ನಿಂತು "ಫ್ನೂ? ಫ್ನೂ?" ಎಂದು ಕೂಗಿದಳು. ಯಾರೋ ಚೀನಾದವರಿರಬೇಕು ಎಂದುಕೊಂಡು ನಾನೂ ಸುತ್ತ ನೋಡಿದೆ. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ.

ನಿಮ್ಮ ವೀಸಾ ಅರ್ಜಿ ಇನ್ನೂ ಹಾಕಬೇಕಿದ್ದರೆ ಈಗಲೇ ಪಾಸ್‌ಪೋರ್ಟನ್ನು ಮರುವಿತರಣೆ ಮಾಡಿಸಿ ಹೆಸರನ್ನು ಎರಡು ತುಂಡು ಮಾಡಿಸಿಕೊಳ್ಳಿ. ಉಪನಾಮದ ಜಾಗಕ್ಕೆ ಅಪ್ಪನ ಹೆಸರೋ ಗಂಡನ ಹೆಸರೋ ಬರಲಿ. ವೀಸಾ ಆಗಲೇ ಬಂದುಬಿಟ್ಟಿದ್ದರೆ ಗ್ರೀನ್ ಕಾರ್ಡ್‌ನಲ್ಲಿ ಹೇಗೆ ಬರುತ್ತದೋ ಬ್ಯಾಂಕ್, ವಿಮೆ, ಚಾಲನಾ ಪರವಾನಗಿ ಎಲ್ಲದರಲ್ಲೂ ಹಾಗೆಯೇ ಬರೆಸಿ. ಒಂದೊಂದು ಕಡೆ ಒಂದೊಂದು ರೀತಿ ಆಯಿತೋ, ನೀವು ಒಬ್ಬರೇ ಎಂದು ಸಾಬೀತು ಮಾಡುವುದೇ ಒಂದು ಉದ್ಯೋಗವಾಗುತ್ತದೆ.

ಯಾವಾಗ ಹೊರಡಬೇಕು

ವೀಸಾದ ಮೇಲಿರುವ ಮುಕ್ತಾಯದ ದಿನ ಸಾಮಾನ್ಯವಾಗಿ ನಿಮ್ಮ ವೈದ್ಯಕೀಯ ಪರೀಕ್ಷೆಯ ದಿನದಿಂದ ಆರು ತಿಂಗಳಿಗೆ ಬೀಳುತ್ತದೆ, ಸಂದರ್ಶನದ ದಿನದಿಂದಲ್ಲ. ನನ್ನ ಪರೀಕ್ಷೆ ನಡೆದದ್ದು ನವೆಂಬರ್ 2ಕ್ಕೆ, ವೀಸಾ ಇದ್ದದ್ದು 2024ರ ಮೇ 1ರವರೆಗೆ. ಆ ದಿನದೊಳಗೆ ನೀವು ಅಲ್ಲಿನ ವಲಸೆ ಅಧಿಕಾರಿಯ ಎದುರು ನಿಂತಿರಬೇಕು, ಬೆಂಗಳೂರಿನಲ್ಲಿ ವಿಮಾನ ಹತ್ತಿದ್ದರೆ ಸಾಲದು. ವಿಸ್ತರಣೆ ಎಂಬುದು ಇಲ್ಲ. ತಪ್ಪಿದರೆ ಮತ್ತೆ ಶುಲ್ಕ, ಮತ್ತೆ ವೈದ್ಯಕೀಯ ಪರೀಕ್ಷೆ, ಮತ್ತೆ ಮುಂಬೈ. ಆದ್ದರಿಂದ ಕೊನೆಯ ವಾರಕ್ಕೆ ಟಿಕೆಟ್ ಮಾಡಿಸಬೇಡಿ. ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿಯುವ, ಸೋಗಾನೆಯ ವಿಮಾನ ನಿಲ್ದಾಣದ ಮೇಲೆ ಮೋಡ ಕವಿಯುವ ತಿಂಗಳಾದರಂತೂ ಬೇಡವೇ ಬೇಡ. ಶಿವಮೊಗ್ಗದಿಂದ ರಾತ್ರಿಯ ರೈಲಿಗೆ ಹೊರಟು ಒಂದು ದಿನ ಬೆಂಗಳೂರಿನಲ್ಲಿ ಉಳಿಯುವುದು ನನ್ನ ಮಟ್ಟಿಗೆ ಒಳ್ಳೆಯ ದಾರಿ.

ಈಗ ಬಹಳ ಜನರಿಗೆ ಗೊತ್ತಿಲ್ಲದ ಲೆಕ್ಕಕ್ಕೆ ಬರುತ್ತೇನೆ. ಅಮೆರಿಕದೊಳಗೆ ಕಾಲಿಡುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ, ಷರತ್ತಿನ ಗ್ರೀನ್ ಕಾರ್ಡ್, ವರ್ಗ ಸಿಆರ್1. ಎರಡು ವರ್ಷ ತುಂಬಿದ್ದರೆ ಹತ್ತು ವರ್ಷದ ಕಾರ್ಡ್, ವರ್ಗ ಐಆರ್1. ಲೆಕ್ಕಕ್ಕೆ ಬರುವುದು ವೀಸಾ ಕೊಟ್ಟ ದಿನವಲ್ಲ, ಒಳಗೆ ಬಿಟ್ಟ ದಿನ. ನಮ್ಮ ಮದುವೆ 2022ರ ಮೇ 8ಕ್ಕೆ. ವೀಸಾ ಮುಗಿಯುವುದು 2024ರ ಮೇ 1ಕ್ಕೆ. ಏಳು ದಿನಗಳ ಕೊರತೆ! ಈ ಏಳು ದಿನವನ್ನು ನೋಡಿ ನಾನು ಮತ್ತು ಗಂಡ ಒಂದು ಸಂಜೆಯೆಲ್ಲ ನಿಟ್ಟುಸಿರು ಬಿಟ್ಟಿದ್ದೇವೆ. ಹೇಗೂ ಸಿಕ್ಕುವುದಿಲ್ಲ ಎಂದಾದ ಮೇಲೆ ಕಾಯುವುದೇಕೆಂದು ಕೊಯ್ಲು ಮುಗಿಸಿಕೊಂಡು ಫೆಬ್ರುವರಿ 20ಕ್ಕೆ ಹೋಗಿ ಇಳಿದೆ.

ನನ್ನ ಚಿಕ್ಕಮ್ಮನ ಮಗಳದು ಇದಕ್ಕೆ ತಿರುಗುಮುರುಗು. ಅವಳ ವೀಸಾದಲ್ಲಿ ಸಿಆರ್1 ಎಂದೇ ಇತ್ತು, ಆದರೆ ಅವಧಿ ಮುಗಿಯುವ ಮೊದಲೇ ಮದುವೆಯ ಎರಡನೇ ವರ್ಷ ತುಂಬುತ್ತಿತ್ತು. ಟಿಕೆಟ್ ಆಗಿಬಿಟ್ಟಿತ್ತು, ಹಟ ಹಿಡಿದು ಮುಂದೂಡಿಸಿದೆ. ಎರಡು ವರ್ಷ ತುಂಬಿ ನಾಲ್ಕನೆಯ ದಿನ ಇಳಿದಳು. ವಿವಾಹ ನೋಂದಣಿ ಪತ್ರವನ್ನು ಅಧಿಕಾರಿಯ ಮುಂದಿಟ್ಟು, ಎರಡು ವರ್ಷ ತುಂಬಿದೆ, ಐಆರ್1 ಎಂದು ದಾಖಲಿಸಿ ಎಂದು ಕೇಳಿದಳು. ಅವರು ದಿನಾಂಕ ನೋಡಿ ಹಾಗೆಯೇ ಬರೆದುಕೊಟ್ಟರು. ನಾಲ್ಕು ದಿನದಿಂದ ಒಂದು ದೊಡ್ಡ ಅರ್ಜಿ, ಅದರ ಶುಲ್ಕ, ವರ್ಷಗಟ್ಟಲೆ ಕಾಯುವುದು ಎಲ್ಲ ಉಳಿಯಿತು. ನೀವೇ ಕೇಳಬೇಕು, ಅವರಾಗಿಯೇ ಲೆಕ್ಕ ಹಾಕಿ ಕೊಡುತ್ತಾರೆಂದು ನೆಚ್ಚಬೇಡಿ. ಹಿಂದೂ ವಿವಾಹ ಕಾಯ್ದೆಯಡಿ ಉಪನೋಂದಣಿ ಕಚೇರಿಯಲ್ಲಿ ಕೊಡುವ ಪತ್ರದಲ್ಲಿ ಮದುವೆಯಾದ ದಿನ, ನೋಂದಣಿಯಾದ ದಿನ ಎರಡೂ ಇರುತ್ತವೆ. ಎಣಿಸಬೇಕಾದ್ದು ಮದುವೆಯಾದ ದಿನದಿಂದ.

ಗಂಡ ಜೊತೆಗೇ ಬರಬೇಕೆ ಎಂದು ಕೇಳುವವರಿದ್ದಾರೆ. ಬೇಕಿಲ್ಲ, ಅವರು ಅಲ್ಲಿಯೇ ಇದ್ದರೆ ನೀವೊಬ್ಬರೇ ಹೋಗಬಹುದು. ಹಳೆಯ ಪ್ರವಾಸಿ ವೀಸಾ ಇನ್ನೂ ಉಳಿದಿದೆ, ಅದರಲ್ಲಿ ಒಮ್ಮೆ ಹೋಗಿ ನೋಡಿ ಬರಲೇ ಎಂದರೆ ಬೇಡ. ನೆಲೆಸುವ ಉದ್ದೇಶ ನಿಮಗಿದೆ ಎಂದು ಅವರ ಕಡತದಲ್ಲಿ ಬರೆದಾಗಿದೆ.

ಹೊರಡುವ ಮೊದಲು ಇಲ್ಲಿ ಮುಗಿಸಬೇಕಾದ್ದು

ಬಟ್ಟೆ, ಪಾತ್ರೆಗಳ ಮಾತು ಎಲ್ಲರೂ ಆಡುತ್ತಾರೆ. ತೋಟವಿರುವ ಮನೆಯ ಹೆಣ್ಣುಮಕ್ಕಳು ಮೊದಲು ನೋಡಬೇಕಾದ್ದು ಪಹಣಿ.

ನೆಲೆಸಲೆಂದು ವಿದೇಶಕ್ಕೆ ಹೊರಟ ಮೇಲೆ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ನೀವು ಅನಿವಾಸಿ. ಅನಿವಾಸಿ ಭಾರತೀಯರು ಇಲ್ಲಿ ಮನೆ, ನಿವೇಶನ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಷನ್, ತೋಟದ ಮನೆ ಕೊಳ್ಳುವಂತಿಲ್ಲ. ದಾನವಾಗಿಯೂ ಪಡೆಯುವಂತಿಲ್ಲ. ಆದರೆ ಉತ್ತರಾಧಿಕಾರದಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ನಿವಾಸಿಯಾಗಿದ್ದಾಗಲೇ ನಿಮ್ಮ ಹೆಸರಿಗೆ ಆದದ್ದೂ ನಿಮ್ಮದಾಗಿಯೇ ಉಳಿಯುತ್ತದೆ. ಅಂದರೆ ಅಪ್ಪ ಮಗಳಿಗೆಂದು ಒಂದು ತುಂಡು ತೋಟವನ್ನು ದಾನಪತ್ರ ಮಾಡುವ ಯೋಚನೆಯಲ್ಲಿದ್ದರೆ ಅದು ನೋಂದಣಿಯಾಗಬೇಕಾದ್ದು ನೀವು ಹೊರಡುವ ಮೊದಲು. ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. 2024ರ ಜನವರಿಯಲ್ಲಿ ಒಂದು ಎಕರೆ ಹತ್ತು ಗುಂಟೆ ನನ್ನ ಹೆಸರಿಗೆ ಬಂತು. ನನ್ನ ಅಣ್ಣನ ಮುಖ ಎರಡು ದಿನ ಸ್ವಲ್ಪ ಬಿಗಿದುಕೊಂಡಿತ್ತು, ಅದು ಬೇರೆ ವಿಷಯ.

ಅದೇ ವಾರ ಅಪ್ಪನ ಹೆಸರಿಗೆ ಅಧಿಕಾರ ಪತ್ರ ಬರೆದುಕೊಟ್ಟೆ. ಜಿಪಿಎ ಎಂದರೆ ನಾಡಕಚೇರಿಯ ಜವಾನನಿಗೂ ಗೊತ್ತು. ಊರಿನಲ್ಲಿದ್ದಾಗ ಅದು ಒಂದು ಬೆಳಗಿನ ಕೆಲಸ. ಅಲ್ಲಿ ಹೋದ ಮೇಲೆ ನೋಟರಿ, ದೃಢೀಕರಣ, ಅಂಚೆ, ಇಲ್ಲಿಗೆ ಬಂದ ಮೇಲೆ ಮುದ್ರಾಂಕ ಶುಲ್ಕ ಎಂದು ಸುತ್ತಬೇಕಾಗುತ್ತದೆ. ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳ ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ತಿಳಿಸಿ.

ಓದಿದವರು ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ಎರಡು ಪ್ರತಿ ತೆಗೆದುಕೊಳ್ಳಿ. ನಾನು ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟಕ್ಕೆ ಹೋಗಿ ತಂದೆ. ಅಲ್ಲಿ ಪದವಿಯ ಮೌಲ್ಯಮಾಪನ ಮಾಡಿಸುವಾಗ ಅದೇ ಉಪಯೋಗಕ್ಕೆ ಬಂತು. ಕಾರು ಓಡಿಸುವವರು ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಅದು ಒಂದು ವರ್ಷ ನಡೆಯುತ್ತದೆ. ಆದರೂ ಅಲ್ಲಿ ನೆಲೆಸಿದವರು ಆ ರಾಜ್ಯದ ಪರವಾನಗಿಯನ್ನು ಬೇಗ ಪಡೆಯಬೇಕು. ಒಡವೆ ಹೆಚ್ಚಿದ್ದರೆ ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಿರಿ. ಮುಂದೆ ಅದೇ ಸರ ಹಾಕಿಕೊಂಡು ಮದುವೆಮನೆಗೆ ಬರುವಾಗ ಸುಂಕ ಕೇಳುವುದಿಲ್ಲ.

ಅಲ್ಲಿನ ವಲಸೆ ಇಲಾಖೆಗೆ ಕಟ್ಟಬೇಕಾದ ವಲಸಿಗ ಶುಲ್ಕವೊಂದಿದೆ. ನಾನು ಕಟ್ಟಿದಾಗ 220 ಡಾಲರ್, 2024ರ ಏಪ್ರಿಲ್ 1ರಿಂದ 235. ಆನ್‌ಲೈನ್‌ನಲ್ಲಿ ಗಂಡನೇ ಕಟ್ಟಬಹುದು. ಇದಕ್ಕೆ ಎರಡು ಸಂಖ್ಯೆ ಬೇಕು: ಎ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ, ಬಿಎಂಬಿ ಎಂದು ಶುರುವಾಗುವ ಪ್ರಕರಣ ಸಂಖ್ಯೆ. ಎರಡೂ ವೀಸಾದ ಮೇಲೆಯೇ ಇರುತ್ತವೆ. ಇದನ್ನು ಕಟ್ಟದಿದ್ದರೂ ಒಳಗೆ ಬಿಡುತ್ತಾರೆ, ಆದರೆ ಕಾರ್ಡ್ ಮುದ್ರಣವಾಗುವುದಿಲ್ಲ. ಹೊರಡುವ ಮೊದಲೇ ಕಟ್ಟಿ ಮರೆತುಬಿಡಿ.

ಪೆಟ್ಟಿಗೆ ಮತ್ತು ಶಿಕಾಗೊ

ಅಮ್ಮ ತೆಂಗಿನ ಗರಿಯ ಬುಟ್ಟಿಯಲ್ಲಿ ಹಸಿ ಕರಿಬೇವಿನ ಸೊಪ್ಪು ತುಂಬಿಟ್ಟಿದ್ದರು. ಅದು ಮನೆಯಲ್ಲೇ ಉಳಿಯಿತು. ನಿಂಬೆ, ಕಿತ್ತಳೆ ಗಿಡಗಳ ರೋಗ ಹರಡುತ್ತದೆಂದು ಹಸಿ ಕರಿಬೇವಿಗೆ ಅಲ್ಲಿ ಪ್ರವೇಶವಿಲ್ಲ. ನಮ್ಮ ಗದ್ದೆಯ ಅಕ್ಕಿಗೂ ಇಲ್ಲ. ಖಪ್ರಾ ಎಂಬ ಹುಳವಿರುವ ದೇಶಗಳ ಅಕ್ಕಿಯನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಹಸಿ ಹಣ್ಣೂ ಬೇಡ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಗಟ್ಟಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಒಯ್ದೆ. ಏನು ಒಯ್ದರೂ ಕೇಳಿದಾಗ ಆಹಾರವಿದೆ ಎಂದು ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ತೆಗೆದು ಎಸೆಯುತ್ತಾರೆ, ಮುಚ್ಚಿಟ್ಟರೆ ದಂಡ. ಹತ್ತು ಸಾವಿರ ಡಾಲರ್‌ಗಿಂತ ಹೆಚ್ಚು ನಗದು ಒಯ್ಯುವವರೂ ಘೋಷಿಸಬೇಕು. ನಾನು ಆ ಜಾತಿಗೆ ಸೇರಿದವಳಲ್ಲ.

ಕೈಚೀಲದಲ್ಲಿ ಪಾಸ್‌ಪೋರ್ಟ್, ವಿವಾಹ ನೋಂದಣಿ ಪತ್ರ, ಜನನ ಪ್ರಮಾಣಪತ್ರ, ಲಸಿಕೆಯ ದಾಖಲೆ, ಎಕ್ಸ್‌ರೇ ಕೊಟ್ಟಿದ್ದರೆ ಅದು. ಇವು ಪೆಟ್ಟಿಗೆಗೆ ಹೋಗಬಾರದು. ಈಚೆಗೆ ದಾಖಲೆಗಳೆಲ್ಲ ಹೆಚ್ಚಾಗಿ ಕಂಪ್ಯೂಟರ್ ಮೂಲಕವೇ ಹೋಗುತ್ತವೆ. ನಿಮಗೆ ಮುಚ್ಚಿದ ಲಕೋಟೆ ಕೊಟ್ಟಿದ್ದರೆ ಮಾತ್ರ ಅದನ್ನು ಒಡೆಯಬೇಡಿ; ಒಳಗೇನಿದೆ ಎಂದು ನೋಡುವ ಆಸೆ ನಮ್ಮ ಮಾವನವರಂಥವರಿಗೆ ಬಹಳ.

ದೋಹಾ ಮೂಲಕ ಶಿಕಾಗೊದಲ್ಲಿ ಇಳಿದಾಗ ಸಾಲಿನಲ್ಲಿದ್ದ ಅಧಿಕಾರಿ ಬೆರಳಚ್ಚು, ಫೋಟೊ ತೆಗೆದುಕೊಂಡು ಇನ್ನೊಂದು ಕೋಣೆಗೆ ಕಳಿಸಿದರು. ಹೊಸ ವಲಸಿಗರಿಗೆ ಇದು ಮಾಮೂಲು, ಎದೆ ಹೊಡೆದುಕೊಳ್ಳಬೇಕಿಲ್ಲ. ಮುಂದಿನ ವಿಮಾನಕ್ಕೆ ಮಾತ್ರ ಮೂರು ನಾಲ್ಕು ಗಂಟೆ ಅಂತರವಿರಲಿ. ಪಾಸ್‌ಪೋರ್ಟ್ ಹಿಂದಕ್ಕೆ ಕೊಟ್ಟಾಗ ಅಲ್ಲಿಯೇ ನಿಂತು ಮುದ್ರೆಯ ದಿನಾಂಕವನ್ನೂ ಅದರ ಮೇಲೆ ಬರೆದ ವರ್ಗವನ್ನೂ ನೋಡಿ. ಆ ಮುದ್ರೆ ಬಿದ್ದ ವೀಸಾ ಒಂದು ವರ್ಷ ಗ್ರೀನ್ ಕಾರ್ಡ್‌ನ ಕೆಲಸ ಮಾಡುತ್ತದೆ. ಇದು ವೀಸಾದ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಅದನ್ನು ತೋರಿಸಿ ಕೆಲಸಕ್ಕೆ ಸೇರಬಹುದು. ಕಾರ್ಡ್ ಅಂಚೆಯಲ್ಲಿ ಬರುವ ಮೊದಲೇ ಊರಿನಲ್ಲಿ ಅಜ್ಜಿ ತೀರಿಕೊಂಡರೆ ಹೋಗಿ ಅದರಲ್ಲೇ ಹಿಂದಿರುಗಬಹುದು. ಕಾರ್ಡ್ ಬರುವುದಕ್ಕೆ ಕಾಲಿಟ್ಟ ದಿನ ಅಥವಾ ಶುಲ್ಕ ಕಟ್ಟಿದ ದಿನ, ಯಾವುದು ಆಮೇಲಿನದೋ ಅಲ್ಲಿಂದ 90 ದಿನದವರೆಗೆ ಹಿಡಿಯಬಹುದು. ಕೆಲಸಕ್ಕೂ ತೆರಿಗೆಗೂ ಬೇಕಾಗುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ವೀಸಾ ಅರ್ಜಿಯಲ್ಲೇ ಕೇಳಿದ್ದರೆ ಕೆಲವು ವಾರಗಳಲ್ಲಿ ಬರುತ್ತದೆ, ಬಾರದಿದ್ದರೆ ಪಾಸ್‌ಪೋರ್ಟ್ ಹಿಡಿದು ಅವರ ಕಚೇರಿಗೆ ಹೋಗಿ. ಆರೋಗ್ಯ ವಿಮೆಗೆ ಸೇರಲು ಸರ್ಕಾರ ನಡೆಸುವ ವಿಮಾ ಮಾರುಕಟ್ಟೆಯಲ್ಲಿ 60 ದಿನದ ವಿಶೇಷ ಅವಕಾಶವಿದೆ. ಗಂಡನ ಕಂಪನಿಯ ವಿಮೆಗಾದರೆ ಗಡುವು ಇನ್ನೂ ಕಡಿಮೆಯಿರಬಹುದು, ಮೊದಲ ವಾರವೇ ವಿಚಾರಿಸಿ. ಮನೆ ಬದಲಾಯಿಸಿದರೆ 10 ದಿನದೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು. ಇದನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತಾರೆ.

ಊರಿಗೆ ಎಷ್ಟು ದಿನ ಹೋಗಬಹುದು

ನಮ್ಮ ಕಡೆ ಒಂದು ನಂಬಿಕೆ ಹಬ್ಬಿದೆ: ಆರು ತಿಂಗಳಿಗೊಮ್ಮೆ ಹೋಗಿ ಕಾಲೂರಿ ಬಂದರೆ ಕಾರ್ಡ್ ಉಳಿಯುತ್ತದೆ ಎಂದು. ಇದನ್ನು ನಂಬಿ ವರ್ಷದಲ್ಲಿ ಹತ್ತು ತಿಂಗಳು ಶಿವಮೊಗ್ಗದಲ್ಲಿ, ಎರಡು ತಿಂಗಳು ಅಲ್ಲಿ ಇರುವವರನ್ನು ನೋಡಿದ್ದೇನೆ. ಕಾರ್ಡ್ ಕೊಟ್ಟಿರುವುದು ಅಲ್ಲಿ ನೆಲೆಸುವುದಕ್ಕೆ, ಬಂದುಹೋಗುವುದಕ್ಕಲ್ಲ. ಮನೆ ಎಲ್ಲಿದೆ, ಕೆಲಸ ಎಲ್ಲಿ, ತೆರಿಗೆ ಎಲ್ಲಿ ಕಟ್ಟುತ್ತೀರಿ ಎಂಬುದನ್ನೆಲ್ಲ ಒಟ್ಟಿಗೆ ನೋಡಿ ನಿಮ್ಮ ನೆಲೆ ಯಾವುದೆಂದು ಅವರು ತೀರ್ಮಾನಿಸುತ್ತಾರೆ. ಐದೈದು ತಿಂಗಳ ಪ್ರಯಾಣಗಳನ್ನು ಸಾಲಾಗಿ ಮಾಡಿದರೂ ಪ್ರಶ್ನೆ ಏಳುತ್ತದೆ.

ದಿನಗಳ ಗೆರೆಗಳಂತೂ ಇವೆ. ಒಂದೇ ಸಲಕ್ಕೆ 180 ದಿನ ದಾಟಿ ಹೊರಗಿದ್ದರೆ ಹಿಂದಿರುಗುವಾಗ ನಿಮ್ಮನ್ನು ಹೊಸದಾಗಿ ಪ್ರವೇಶ ಕೇಳುವವರಂತೆ ಪರೀಕ್ಷಿಸಬಹುದು. ಆರು ತಿಂಗಳು ದಾಟಿದರೆ ಪೌರತ್ವಕ್ಕೆ ಬೇಕಾದ ನಿರಂತರ ವಾಸ ಮುರಿಯಿತೆಂದು ಊಹಿಸುತ್ತಾರೆ, ಮುರಿದಿಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಒಂದು ವರ್ಷ ದಾಟಿದರೆ ಮರುಪ್ರವೇಶಕ್ಕೆ ಕಾರ್ಡೇ ನಡೆಯುವುದಿಲ್ಲ. ಕಾನ್ಸುಲೇಟ್‌ನಲ್ಲಿ ಮರಳುವ ನಿವಾಸಿಯ ವೀಸಾ ಕೇಳಬೇಕು, ತಡವಾದದ್ದು ನಿಮ್ಮ ಕೈಮೀರಿದ ಕಾರಣಕ್ಕೆ ಎಂದು ಸಾಬೀತುಪಡಿಸಬೇಕು. ಅದು ಸುಲಭವಲ್ಲ.

2025ರ ಜೂನ್ ಮೊದಲ ವಾರ, ಮಳೆ ಹಿಡಿದ ಹೊತ್ತಿನಲ್ಲಿ ಅಪ್ಪ ತೋಟದ ಸಂಕದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಜೂನ್ 10ಕ್ಕೆ ನಾನು ಅಮೆರಿಕ ಬಿಟ್ಟೆ. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ಮನೆಯಲ್ಲಿ ನಡೆಸುವ ಅಭ್ಯಾಸ, ಮಧ್ಯೆ ತೋಟಕ್ಕೆ ಬೋರ್ಡೊ ದ್ರಾವಣ ಹೊಡೆಸುವ ಕೆಲಸ. ಅಡುಗೆಮನೆಯ ಗೋಡೆಯಲ್ಲಿ ಅಡಿಕೆ ಮಂಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಅದರಲ್ಲಿ ಡಿಸೆಂಬರ್ 7ಕ್ಕೆ ಕೆಂಪು ಸುತ್ತು ಹಾಕಿದೆ, ಅದು 180ನೆಯ ದಿನ. ಅಮ್ಮ ಹಾಲಿನ ಲೆಕ್ಕ ಬರೆಯುವ ಪೆನ್ಸಿಲಿನಲ್ಲೇ ದಿನವೂ ಒಂದೊಂದು ಮನೆಗೆ ಗೆರೆ ಎಳೆಯುತ್ತಿದ್ದರು. ದೀಪಾವಳಿ ಮುಗಿಯುವಷ್ಟರಲ್ಲಿ ಅಪ್ಪ ಕೋಲು ಹಿಡಿದು ಅಂಗಳದವರೆಗೆ ಬರುತ್ತಿದ್ದರು. "ಇನ್ನೊಂದು ತಿಂಗಳು ಇದ್ದು ಹೋಗು" ಎಂದು ಬಂದವರೆಲ್ಲ ಹೇಳಿದರು. ನವೆಂಬರ್ 24ಕ್ಕೆ ಶಿಕಾಗೊದಲ್ಲಿ ಇಳಿದೆ, ಒಟ್ಟು 167 ದಿನ. ಅಧಿಕಾರಿ ಇಷ್ಟು ದಿನ ಯಾಕೆ ಎಂದು ಕೇಳಿದರು. ಆಸ್ಪತ್ರೆಯ ಬಿಡುಗಡೆ ಪತ್ರ, ಕೊಲಂಬಸ್‌ನ ಮನೆ ಬಾಡಿಗೆ ಕರಾರು, ಹಿಂದಿನ ವರ್ಷದ ತೆರಿಗೆ ಅರ್ಜಿ ಕೈಯಲ್ಲಿದ್ದವು. ಮೊದಲನೆಯದನ್ನು ಮಾತ್ರ ನೋಡಿ ಬಿಟ್ಟರು. ಉಳಿದವನ್ನು ನೋಡದಿದ್ದರೂ ಇಟ್ಟುಕೊಂಡಿರಬೇಕು.

ಹೆಚ್ಚು ದಿನ ಬೇಕಾಗುತ್ತದೆಂದು ಮೊದಲೇ ಗೊತ್ತಿದ್ದರೆ ಮರುಪ್ರವೇಶ ಪರವಾನಗಿಗೆ ಐ-131 ಅರ್ಜಿ ಹಾಕಿ. ಹಾಕುವಾಗ ನೀವು ಅಮೆರಿಕದೊಳಗೆ ಇರಬೇಕು, ಬೆರಳಚ್ಚನ್ನೂ ಅಲ್ಲಿಯೇ ಕೊಡಬೇಕು. ಶಿವಮೊಗ್ಗಕ್ಕೆ ಬಂದು ಕುಳಿತು ಹಾಕುವ ಅರ್ಜಿಯಲ್ಲ. ಹೆಚ್ಚೆಂದರೆ ಎರಡು ವರ್ಷಕ್ಕೆ ಸಿಗುತ್ತದೆ, ಷರತ್ತಿನ ಕಾರ್ಡಿನವರಿಗೆ ಕಾರ್ಡ್ ಮುಗಿಯುವ ದಿನದಾಚೆಗೆ ಸಿಗದು. ಇದರಿಂದ ಕಾರ್ಡ್ ಉಳಿಯುತ್ತದೆ, ಪೌರತ್ವದ ಲೆಕ್ಕ ಉಳಿಯುವುದಿಲ್ಲ. ಇನ್ನೊಂದು ಮಾತು: ವಿಮಾನ ನಿಲ್ದಾಣದಲ್ಲಿ ಯಾರಾದರೂ ಐ-407 ಎಂಬ ಕಾಗದ ಮುಂದಿಟ್ಟರೆ ಓದದೆ ಸಹಿ ಮಾಡಬೇಡಿ. ಅದು ಕಾರ್ಡನ್ನು ನೀವಾಗಿಯೇ ಬಿಟ್ಟುಕೊಟ್ಟೆ ಎನ್ನುವ ಪತ್ರ. ವಲಸೆ ನ್ಯಾಯಾಧೀಶರ ಮುಂದೆ ಹೋಗುವ ಹಕ್ಕು ನಿಮಗಿದೆ.

ಎರಡು ವರ್ಷದ ಕಾರ್ಡಿನವರಿಗೆ

ಷರತ್ತು ತೆಗೆಸುವ ಐ-751 ಅರ್ಜಿಯನ್ನು ಕಾರ್ಡ್ ಮುಗಿಯುವ ಹಿಂದಿನ 90 ದಿನಗಳಲ್ಲಿ ಹಾಕಬೇಕು, ಮೊದಲೂ ಅಲ್ಲ, ತಡವಾಗಿಯೂ ಅಲ್ಲ. ನನ್ನ ಕಾರ್ಡ್ 2026ರ ಫೆಬ್ರುವರಿ 20ರವರೆಗೆ ಇತ್ತು, ಬಾಗಿಲು ತೆರೆದದ್ದು 2025ರ ನವೆಂಬರ್ 22ಕ್ಕೆ. ಊರಿನಿಂದ ಹೊರಡಲು ಆ ದಿನವೂ ಒಂದು ಕಾರಣ. ಗಂಡ ಹೆಂಡತಿ ಇಬ್ಬರೂ ಸಹಿ ಮಾಡಬೇಕು, ಶುಲ್ಕ 750 ಡಾಲರ್. ಅರ್ಜಿ ತಲುಪಿದ ರಸೀದಿ ಪತ್ರ ಬಂದರೆ ಹಳೆಯ ಕಾರ್ಡಿನ ಜೊತೆ ಅದು 48 ತಿಂಗಳ ವಿಸ್ತರಣೆ ಇದ್ದಂತೆ. ಎರಡನ್ನೂ ಪಾಸ್‌ಪೋರ್ಟನ್ನೂ ಒಟ್ಟಿಗಿಟ್ಟು ಪ್ರಯಾಣ ಮಾಡಬಹುದು.

ಸಂಸಾರ ನಿಜವಾದದ್ದು ಎಂಬುದಕ್ಕೆ ಕಾಗದಗಳು ಬೇಕು. ನಾನು ಏಳು ಕಿಲೋ ತೂಗುವ ಮದುವೆಯ ಆಲ್ಬಮ್ ಹೊತ್ತು ಹೋಗಿದ್ದೆ, ಅದರಿಂದ ತೋಳು ನೋವು ಬಂತು ಅಷ್ಟೇ. ಬೇಕಾಗುವುದು ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಒಬ್ಬರನ್ನೊಬ್ಬರು ನಾಮಿನಿ ಮಾಡಿದ ವಿಮೆ, ಜಂಟಿ ತೆರಿಗೆ ಅರ್ಜಿ, ಕರೆಂಟ್ ಬಿಲ್. ಮೊದಲ ತಿಂಗಳಿನಿಂದಲೇ ಒಂದು ಫೈಲ್ ಮಾಡಿ ಸೇರಿಸುತ್ತಾ ಹೋಗಿ.

ಇದನ್ನೂ ಹೇಳಲೇಬೇಕು. "ನಿನ್ನ ಕಾರ್ಡ್ ನನ್ನ ಕೈಯಲ್ಲಿದೆ" ಎಂದು ಹೆದರಿಸುವ ಗಂಡಂದಿರಿದ್ದಾರೆ. ಮದುವೆ ಮುರಿದರೆ, ಹೊಡೆತ ಬಡಿತ ಇದ್ದರೆ, ಗಂಡನ ಸಹಿಯಿಲ್ಲದೆ ನೀವೊಬ್ಬರೇ ಐ-751 ಹಾಕಲು ವಿನಾಯಿತಿಯ ದಾರಿಯಿದೆ. ಅಪಾಯವಿದ್ದರೆ ಅಲ್ಲಿನ ತುರ್ತು ಸಂಖ್ಯೆ 911. ಮಾತಾಡಲು ಅಮೆರಿಕದಾದ್ಯಂತದ ಕೌಟುಂಬಿಕ ಹಿಂಸೆಯ ಸಹಾಯವಾಣಿ 1-800-799-7233, ದುಭಾಷಿ ಬೇಕೆಂದು ಕೇಳಬಹುದು. ಪಾಸ್‌ಪೋರ್ಟ್ ಮತ್ತು ಕಾರ್ಡಿನ ಫೋಟೊಗಳನ್ನು ಅಮ್ಮನ ಮೊಬೈಲಿಗೆ ಇಂದೇ ಕಳಿಸಿಡಿ.

ಅಡಿಕೆಯ ದುಡ್ಡು ಮತ್ತು ತೋಟ

ಇಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಎಂಬ ಅಭ್ಯಾಸದಲ್ಲಿ ಬೆಳೆದವರು ನಾವು. ಅಮೆರಿಕದ ನಿವಾಸಿಯಾದ ಮೇಲೆ ಜಗತ್ತಿನ ಯಾವ ಮೂಲೆಯ ಆದಾಯವನ್ನಾದರೂ ಅಲ್ಲಿ ತೋರಿಸಬೇಕು, ನನ್ನ ಹೆಸರಿನ ಒಂದು ಎಕರೆ ಹತ್ತು ಗುಂಟೆಯ ಅಡಿಕೆ ಮಂಡಿಯಲ್ಲಿ ಮಾರಿದ್ದನ್ನೂ. ಅಲ್ಲಿಗೆ ಕೃಷಿ ವಿನಾಯಿತಿ ಹೋಗುವುದಿಲ್ಲ. ಭಾರತದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಯಾವುದಾದರೊಂದು ದಿನ 10,000 ಡಾಲರ್ ದಾಟಿದರೆ ಬೇರೆ ವರದಿ ಸಲ್ಲಿಸಬೇಕು. ಅಮ್ಮನ ಜೊತೆಗಿನ ಜಂಟಿ ಠೇವಣಿಯೂ ಲೆಕ್ಕಕ್ಕೆ ಬರುತ್ತದೆ. ತೆರಿಗೆ ಉಳಿಸಲೆಂದು ಅನಿವಾಸಿ ಎಂದು ಅರ್ಜಿ ಹಾಕುವ ಬುದ್ಧಿವಂತಿಕೆ ಬೇಡ, ನೆಲೆ ಬಿಟ್ಟೆ ಎಂದು ನೀವೇ ಬರೆದುಕೊಟ್ಟಂತೆ ಆಗುತ್ತದೆ.

ಪೌರತ್ವಕ್ಕೆ, ಗಂಡ ಪೌರನಾಗಿದ್ದು ಅವರೊಂದಿಗೇ ಬಾಳುತ್ತಿದ್ದರೆ ಮೂರು ವರ್ಷ, ಇಲ್ಲವಾದರೆ ಐದು. ಅದರಲ್ಲಿ ಅರ್ಧದಷ್ಟು ದಿನ ಅಲ್ಲಿಯೇ ಇದ್ದಿರಬೇಕು. ಅರ್ಜಿಯನ್ನು 90 ದಿನ ಮುಂಚೆ ಹಾಕಬಹುದು, ನನ್ನದು 2026ರ ನವೆಂಬರ್ 22ಕ್ಕೆ ತೆರೆಯುತ್ತದೆ. ಗ್ರೀನ್ ಕಾರ್ಡ್ ಇರುವವರೆಗೆ ನೀವು ಭಾರತದ ಪೌರರೇ, ಭಾರತದ ಪಾಸ್‌ಪೋರ್ಟನ್ನೇ ನವೀಕರಿಸುತ್ತಿರಬೇಕು. ಅಲ್ಲಿನ ಪೌರರಾದ ದಿನ ಇದನ್ನು ಒಪ್ಪಿಸಿ, ವಿದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಪಡೆಯಬೇಕು. ಆಗಲೂ ತೋಟ ಕೊಳ್ಳಲಾಗದು, ಉತ್ತರಾಧಿಕಾರದಿಂದ ಬಂದರೆ ಇಟ್ಟುಕೊಳ್ಳಬಹುದು.

ಇದನ್ನು ಕಳೆದ ವಾರ ಫೋನಿನಲ್ಲಿ ಅಪ್ಪನಿಗೆ ವಿವರಿಸಿದೆ. ಉಳಿದ ತೋಟದ ವಿಷಯ ಒಂದು ಉಯಿಲು ಬರೆದಿಡಿ, ಅಣ್ಣನಿಗೆ ಇಷ್ಟು, ನನಗೆ ಇಷ್ಟು, ಅಥವಾ ನನಗೆ ಏನೂ ಇಲ್ಲ ಎಂದಾದರೂ ಸರಿ, ಬರೆದಿಡಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಈ ಸಲದ ಕೊಯ್ಲು ಮುಗಿಯಲಿ" ಎಂದರು. ಹಿಂದಿನ ಸಲವೂ ಅದನ್ನೇ ಹೇಳಿದ್ದರು.